ಕೋವಿಬಾಯಿ ಬರೆದುಕೊಡದ ಕಾಗದ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕವರಿದ್ದಾಗ ಅಪ್ಪನ ಅಂಗಡಿಯಲ್ಲಿ ಕಬ್ಬಿಣದ ತುಂಡಿನಡಿ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಉಗುರಿರಬೇಕಾದ ಜಾಗದ ಚರ್ಮ ಹುಣಸೆಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಯಾವ ಬಂದೂಕು ಬಂದರೂ ಅವರು ಮೊದಲು ಕನ್ನಡಕಕ್ಕೆ ಕೈಹಾಕುತ್ತಿರಲಿಲ್ಲ. ಕಣ್ಣು ಮುಚ್ಚಿ ಆ ಬೋಳು ಹೆಬ್ಬೆರಳನ್ನು ಲೋಹದ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಕೂದಲೆಳೆಯಷ್ಟು ಗೀರು ಇದ್ದರೂ ಬೆರಳು ಅಲ್ಲಿ ನಿಂತುಬಿಡುತ್ತಿತ್ತು.

ಕಾರವಾರದ ಕೋಡಿಬಾಗ ರಸ್ತೆಯಲ್ಲಿ ಅವರದೊಂದು ಹೆಂಚಿನ ಅಂಗಡಿ. ಬಂದೂಕು ರಿಪೇರಿಗೆ ಸರಕಾರದ ಪರವಾನಗಿ ಇದ್ದ ಅಂಗಡಿ ನಮ್ಮ ಸುತ್ತಮುತ್ತ ಅದೊಂದೇ. ಪರವಾನಗಿ ಮೊದಲು ಅಪ್ಪನ ಹೆಸರಿನಲ್ಲಿತ್ತು, ಆಮೇಲೆ ಮಗಳ ಹೆಸರಿಗೆ ಬಂತು. ಕಾರವಾರದವರು ಹೆಂಗಸರನ್ನು ಗೌರವದಿಂದ 'ಬಾಯಿ' ಎನ್ನುತ್ತಾರೆ. ಹಾಗಾಗಿ ಇವರು ಕೋವಿಬಾಯಿ. ನಮ್ಮ ಅಂಕೋಲೆಯ ಕಡೆ ಕನ್ನಡವಷ್ಟೇ ಬಲ್ಲವರು ಅದನ್ನು ಕೋವಿಯ ಬಾಯಿ ಎಂದೇ ತಿಳಿದು, ಆ ನಾಲಿಗೆಯ ಹರಿತ ನೋಡಿಯೇ ಯಾರೋ ಹೆಸರಿಟ್ಟಿರಬೇಕು ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರಿಗೆ ಎರಡು ಮಳೆಗಾಲ ಹಿಡಿಯಿತಂತೆ. ಮದುವೆಯಾಗಿರಲಿಲ್ಲ, ಕಾಳಿ ನದಿಯಾಚೆ ಚಿತ್ತಾಕುಲದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಪ್ರತಿ ಸೋಮವಾರ ಸೇತುವೆ ದಾಟಿ ಬಂದು ಕಚೇರಿಯ ಬೆಂಚಿನ ಮೇಲೆ ಕೂರುವುದು, ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚಿ ಉಣ್ಣುವುದು, ಸಂಜೆ ಎದ್ದು ಹೋಗುವುದು. ಕೊನೆಗೊಬ್ಬ ಅಧಿಕಾರಿ ಒಳಗೆ ಕರೆದು, ಹೆಂಗಸರಿಗೆ ಈ ಕೆಲಸ ಯಾಕೆ, ಹೊಲಿಗೆ ಮೆಷಿನ್ನು ರಿಪೇರಿ ಮಾಡಬಹುದಲ್ಲ ಎಂದು ಕೇಳಿದರಂತೆ. ಅದನ್ನೂ ಮಾಡ್ತೆ, ಇದನ್ನೂ ಮಾಡ್ತೆ ಎಂದರಂತೆ ಇವರು. "ಬಂದೂಕಿಗೆ ಕೈ ಗೊತ್ತದೆ ಸಾಯೇಬ್ರೆ. ಹೆಂಗ್ಸೋ ಗಂಡ್ಸೋ ಅಂತ ಅದು ಕೇಳೂದಿಲ್ಲ. ಕೇಳೂದು ನೀವೊಬ್ರೇ."

ಇದು ನಾನು ಕೇಳಿದ್ದು. ಕಣ್ಣಾರೆ ನೋಡಿದ್ದನ್ನು ಈಗ ಹೇಳುತ್ತೇನೆ.

ಆಗ ನಾನು ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿದ್ದಿರಬೇಕು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಿಜೋರಿಯ ಕಾವಲಿಗೆಂದು ಸಂಘಕ್ಕೊಂದು ಪಿಸ್ತೂಲು ಇತ್ತು. ನಡು ಮುರಿದು ತೋಟೆ ತುಂಬುವ, ತಿರುಗುವ ಗಾಲಿಯ ಹಳೆಯ ಕಾಲದ್ದು. ಸಂಘ ಕಟ್ಟಿದವರು ಎಲ್ಲಿಂದಲೋ ಕೊಂಡು ತಂದದ್ದು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಿದ್ದವರು ಕೇಣಿಯ ಮಾಜಿ ಸೈನಿಕರೊಬ್ಬರು. ಮೀನುಗಾರರ ಮನೆಯವರು, ದೋಣಿ ಬಿಟ್ಟು ಸೈನ್ಯಕ್ಕೆ ಹೋಗಿ ಬಂದವರು. ನಾವೆಲ್ಲ ಅವರನ್ನು ಮಿಲಿಟ್ರಿ ಮಾಮ ಎನ್ನುತ್ತಿದ್ದೆವು.

ಆ ಮಾಮ ಒಂದು ದಿನ ನನ್ನ ಮೇಜಿಗೆ ಬಂದು, ಪಿಸ್ತೂಲಿನ ಟ್ರಿಗರ್ ಕಚ್ಚಿಕೊಳ್ಳುತ್ತಿದೆ, ಕಾರವಾರಕ್ಕೆ ಕಳಿಸಿ ತೋರಿಸಬೇಕು ಎಂದರು. ನಾನು ಕಾರ್ಯದರ್ಶಿಗಳಿಗೆ ಹೇಳಿದೆ. ಕಾರವಾರಕ್ಕೆ ಕಳಿಸಿದರೆ ಅರ್ಜಿ, ಠಾಣೆಗೆ ತಿಳಿಸುವುದು, ಹದಿನೈದು ದಿನ ಎಂದು ಅವರು ಮುಖ ಸಿಂಡರಿಸಿದರು. ಬಾಳೆಗುಳಿ ಕ್ರಾಸಿನ ಹತ್ತಿರ ಪಂಪ್‌ಸೆಟ್ಟು ರಿಪೇರಿ ಮಾಡುವವನೊಬ್ಬನಿದ್ದಾನೆ, ಕೈ ಚಲೋ ಇದೆ, ತೋಟೆ ತೆಗೆದು ಚೀಲದಲ್ಲಿ ಹಾಕಿಕೊಂಡು ಹೋಗು, ಮಧ್ಯಾಹ್ನದೊಳಗೆ ಬಾ ಎಂದರು. ಅದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಹೋದೆ.

ಆ ಮನುಷ್ಯ ಪಿಸ್ತೂಲಿನ ಪಕ್ಕದ ತಗಡು ಬಿಚ್ಚಿ, ಒಳಗೆ ಒರಸಿ, ಅರ ಹಾಕಿ ಎರಡು ಕಡೆ ಉಜ್ಜಿದ. ಮತ್ತೆ ಜೋಡಿಸುವಾಗ ಒಂದು ತುಂಡು ಉಳಿಯಿತು. ಬೆರಳ ತುದಿಯಷ್ಟು, ಕೊಕ್ಕಿನ ಆಕಾರದ್ದು. ಅದನ್ನು ಅಂಗೈಯಲ್ಲಿ ಹಿಡಿದು ಆಚೀಚೆ ತಿರುಗಿಸಿ, ಇದು ಎಲ್ಲೂ ಕೂರೂದಿಲ್ಲ, ಇಲ್ದಿದ್ರೂ ನಡೀತದೆ ಎಂದ. ಟ್ರಿಗರ್ ಒತ್ತಿ ತೋರಿಸಿದ. ಬೆಣ್ಣೆಯಂತೆ ಸರಿಯಿತು. ನಾನು ಸಮಾಧಾನದಿಂದ ಹಿಂದಿರುಗಿದೆ. ತುಂಡಿನ ವಿಷಯ ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ಸಂಘದ ಶಟರ್ ಎತ್ತಲು ಮಿಲಿಟ್ರಿ ಮಾಮ ಬಗ್ಗಿದರು. ಸೊಂಟದ ಚರ್ಮದ ಹಳೆಯ ಚೀಲದ ಗುಂಡಿ ಬಿಚ್ಚಿಕೊಂಡು ಪಿಸ್ತೂಲು ಜಾರಿ ಸಿಮೆಂಟಿನ ಮೆಟ್ಟಿಲ ಮೇಲೆ ಬೆನ್ನಡಿಯಾಗಿ ಬಿತ್ತು. ಬಿದ್ದದ್ದೇ ಸಿಡಿಯಿತು. ಗುಂಡು ಅವರ ಎಡಗಾಲಿನ ಮೊಣಕಾಲ ಕೆಳಗೆ ಹೊಕ್ಕು ಎಲುಬು ಮುರಿದು ಹೊರಬಂತು. ನಾನು ಹತ್ತು ಮಾರು ದೂರದಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದೆ. ಅವರು ಕೂಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಯಾರೂ ಹತ್ತಿರ ಬರಬೇಡಿ, ಅದರಲ್ಲಿ ಇನ್ನೂ ತೋಟೆ ಇದೆ ಎಂದು ಕೈ ಅಡ್ಡ ಹಿಡಿದರು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಪಿಸ್ತೂಲನ್ನು ಸಂಘಕ್ಕೆ ಹಿಂದಿರುಗಿಸಿದರು. ಆದರೆ ಕಾರ್ಯದರ್ಶಿಗಳು ಬೇರೆ ಕಥೆ ಕಟ್ಟತೊಡಗಿದರು. ಮಾಮ ಪಿಸ್ತೂಲನ್ನು ಬೆರಳಲ್ಲಿ ತಿರುಗಿಸುತ್ತ ಆಟವಾಡುತ್ತಿದ್ದರು, ರಾತ್ರಿಯ ಅಮಲು ಇಳಿದಿರಲಿಲ್ಲ, ಹಾಗಾಗಿ ಕೆಲಸದಿಂದ ತೆಗೆಯಬೇಕು ಎಂದು. ಮಾಮ ಕುಡಿಯುತ್ತಿರಲಿಲ್ಲ. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನೋಟಿಸು ಹೋಯಿತು. ಆಡಳಿತ ಮಂಡಳಿಯವರು ವಿಚಾರಣೆ ಇಟ್ಟರು. ಪಿಸ್ತೂಲಿನಲ್ಲಿ ದೋಷವಿಲ್ಲ ಎಂದು ಪರವಾನಗಿ ಇರುವವರ ಕೈಯಿಂದ ಒಂದು ಕಾಗದ ತನ್ನಿ ಎಂದರು. ನನ್ನನ್ನು ಕಾಯಂ ಮಾಡುವ ಆದೇಶ ತಮ್ಮ ಮೇಜಿನಲ್ಲೇ ಇದೆ ಎಂದು ಕಾರ್ಯದರ್ಶಿಗಳು ಆ ವಾರ ಎರಡು ಸಲ ನನಗೆ ನೆನಪಿಸಿದರು. ಪಿಸ್ತೂಲಿನ ಪರವಾನಗಿಯಲ್ಲಿ ಅವರ ಹೆಸರೂ ಇತ್ತು. ಪಿಸ್ತೂಲನ್ನು ಅವರೇ ಹಿಡಿದುಕೊಂಡರು, ಕಡತ ಹಿಡಿದು ನಾನು ಹಿಂದೆ. ಹೀಗೆ ನಾನು ಮೊದಲ ಸಲ ಕೋವಿಬಾಯಿಯ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಐವತ್ತು ದಾಟಿದ ಹೆಂಗಸು. ಸಣ್ಣ ಮೈ, ಮೊಣಕೈವರೆಗೆ ಮಡಚಿದ ಗಂಡಸರ ಅಂಗಿ ಸೀರೆಯ ಮೇಲೆ. ತೋಟೆ ತೆಗೆದಿದೆ ಎಂದು ಕಾರ್ಯದರ್ಶಿಗಳು ಹೇಳಿದರೂ ಅವರು ಕೇಳದೆ ಪಿಸ್ತೂಲಿನ ನಡು ಮುರಿದು ಆರೂ ಗೂಡುಗಳಲ್ಲಿ ಒಂದೊಂದಕ್ಕೆ ಬೆರಳು ಹಾಕಿ ನೋಡಿದರು. ಆಮೇಲೆ ಅದನ್ನು ನಮ್ಮತ್ತ ಹಿಡಿದು, ನೀವೂ ನೋಡಿ ಎಂದರು. "ಖಾಲಿ ಅಂತ ಹೇಳೂದು ಬಾಯಿ, ನೋಡೂದು ಕಣ್ಣು. ಸಾಯೂದು ಬಾಯಿಯ ಮಾತು ನಂಬಿದವ್ರು."

ಏನಾಯಿತೆಂದು ಕಾರ್ಯದರ್ಶಿಗಳು ತಮ್ಮ ಕಥೆಯನ್ನೇ ಹೇಳಿದರು. ಬಾಯಿ ಕಿವಿಗೊಟ್ಟಂತೆ ಕಾಣಲಿಲ್ಲ. ಹೆಬ್ಬೆರಳು ಪಕ್ಕದ ತಗಡಿನ ತಿರುಪಿನ ತಲೆಯ ಮೇಲೆ ನಿಂತಿತ್ತು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಪಿಸ್ತೂಲಿನ ನಳಿಗೆಯೊಳಗೆ ಇಳಿಬಿಟ್ಟರು. ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ಟ್ರಿಗರ್ ಮುಟ್ಟದೆ, ಹಿಂಬದಿಯ ಕುದುರೆಗೆ ಮರದ ಸುತ್ತಿಗೆಯಿಂದ ಒಂದೇ ಒಂದು ಏಟು ಕೊಟ್ಟರು. ಕುದುರೆ ಎಂದರೆ ತೋಟೆಯ ಬುಡಕ್ಕೆ ಬಡಿದು ಸಿಡಿಸುವ ಕಬ್ಬಿಣದ ತುಂಡು. ಪೆನ್ಸಿಲ್ ಚಂಗನೆ ಜಿಗಿದು ಮಾಡಿನ ರೀಪಿಗೆ ತಾಗಿ ನನ್ನ ಕಾಲ ಬಳಿ ಬಿತ್ತು.

ಅವರು ತಗಡು ಬಿಚ್ಚಿದರು. ಭೂತಗನ್ನಡಿ ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದರು. ಕುದುರೆ ತೋಟೆಯನ್ನು ತಾಗದ ಹಾಗೆ ಅಡ್ಡ ನಿಲ್ಲುವ ತಡೆಯೊಂದು ಇಂಥ ಪಿಸ್ತೂಲಿನಲ್ಲಿ ಇರುತ್ತದೆ, ಟ್ರಿಗರ್ ಎಳೆದರೆ ಮಾತ್ರ ಅದು ಪಕ್ಕಕ್ಕೆ ಸರಿಯುತ್ತದೆ, ಇದರಲ್ಲಿ ಆ ತಡೆಯೇ ಇಲ್ಲ, ಹಾಗಾಗಿ ಬೆನ್ನಿಗೆ ಏಟು ಬಿದ್ದರೆ ಸಿಡಿಯಲೇಬೇಕು ಎಂದು ಬಿಡಿಸಿ ಹೇಳಿದರು. ತಡೆ ಕೂರುವ ಜಾಗದಲ್ಲಿ ಅರದ ಹೊಸ ಗೀರುಗಳಿದ್ದವು. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು.

"ಇದನ್ನ ಯಾರು ಬಿಚ್ಚಿದ್ರು?"

ಯಾರೂ ಬಿಚ್ಚಿಲ್ಲ ಎಂದರು ಕಾರ್ಯದರ್ಶಿಗಳು. ಬಾಯಿಯ ಕಣ್ಣು ನನ್ನ ಮೇಲಿತ್ತು. ನಾನು ಕಡತದ ದಾರ ಬಿಗಿಮಾಡಿದೆ.

ಸರಿ, ಆ ತುಂಡು ಹೊಸದು ಹಾಕಿಬಿಡಿ, ದೋಷವಿರಲಿಲ್ಲ ಅಂತ ಎರಡು ಸಾಲು ಬರೆದುಕೊಡಿ, ಸಂಘ ನಿಮ್ಮನ್ನು ಮರೆಯುವುದಿಲ್ಲ ಎಂದರು ಕಾರ್ಯದರ್ಶಿಗಳು. ಬಾಯಿ ಸಿಟ್ಟು ಬಂದಾಗ ಮನೆಮಾತಾದ ಕೊಂಕಣಿಗೆ ಇಳಿಯುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅಂದು "ಜಾವ್ಚೆಂ ನಾ" ಎಂದರು. ಆಗುವುದಿಲ್ಲ ಎಂದು ಅರ್ಥ. ಕಾರ್ಯದರ್ಶಿಗಳು ದನಿ ಬದಲಿಸಿದರು. ಪರವಾನಗಿ ಪ್ರತಿ ಸಲ ನವೀಕರಣ ಆಗಬೇಕಲ್ಲ, ಕಚೇರಿಯಲ್ಲಿ ತಮ್ಮವರಿದ್ದಾರೆ ಎಂದರು.

"ಕಾಗದ ಕಿತ್ಕೊಳ್ಳಿ ಸಾಯೇಬ್ರೆ," ಎಂದರು ಬಾಯಿ, ಪಿಸ್ತೂಲಿನ ತಗಡು ಮುಚ್ಚುತ್ತ. "ಕೈ ಕಿತ್ಕೊಳ್ಳೂಕೆ ಆಗೂದಿಲ್ಲ. ಒಬ್ಬನ ಕಾಲು ಮುರ್ದದ್ದು ಇದು. ಅದರ ಮೇಲೆ ಅವನ ಮರ್ಯಾದೆ ಮುರೀಲಿಕ್ಕೆ ನನ್ನ ಸಹಿ ಸಿಗೂದಿಲ್ಲ."

ಪಿಸ್ತೂಲು ಕೊಡಿ ಎಂದರೆ ಅದನ್ನೂ ಕೊಡಲಿಲ್ಲ. ಇದು ಅಪಾಯದ ಆಯುಧ, ಗೊತ್ತಿದ್ದೂ ನಿಮ್ಮ ಕೈಗೆ ಕೊಟ್ಟರೆ ತಪ್ಪು ನನ್ನದಾಗುತ್ತದೆ ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅಂಗಡಿಗೆ ಬೀಗ ಹಾಕಿ, ಹಾಡುಹಗಲೇ ಪೊಲೀಸ್ ಠಾಣೆಗೆ ನಡೆದುಬಿಟ್ಟರು. ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ನಾನು. ರಸ್ತೆಯಲ್ಲಿ ಯಾರೋ ಮಾತಾಡಿಸಿದರೆ ನಿಂತು ಉತ್ತರ ಕೊಟ್ಟು ಮತ್ತೆ ನಡೆಯುತ್ತಿದ್ದರು. ಅವಸರ ಮಾಡಲಿಲ್ಲ. ಠಾಣೆಯಲ್ಲಿ ಪಿಸ್ತೂಲನ್ನೂ ಹಾಳೆಯನ್ನೂ ಒಪ್ಪಿಸಿ, ತಲುಪಿದೆ ಎಂದು ಮೊಹರು ಹಾಕಿಸಿಕೊಂಡೇ ಹೊರಬಂದದ್ದು.

ಹಿಂದಿರುಗುವ ಬಸ್ಸಿನಲ್ಲಿ ಕಾರ್ಯದರ್ಶಿಗಳು ನನ್ನ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳಿದರು: ಬಾಳೆಗುಳಿಗೆ ನೀನು ಹೋಗಿಯೇ ಇಲ್ಲ. ನಾನು ಹೂಂ ಎಂದೆ.

ಮೂರು ದಿನ ಎಂದಿನಂತೆ ಕೆಲಸಕ್ಕೆ ಹೋದೆ. ನಾಲ್ಕನೆಯ ದಿನ ರಜೆ ಹಾಕಿ ಒಬ್ಬನೇ ಕಾರವಾರಕ್ಕೆ ಹೋದೆ. ಬಾಯಿ ಯಾರದೋ ಔಷಧಿ ಹೊಡೆಯುವ ಪಂಪು ಬಿಚ್ಚಿ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಅವರು ನನಗೆ ಕೂರು ಎನ್ನಲಿಲ್ಲ. ಒಂದು ಹಾಳೆ ಕೊಟ್ಟು, ಉಳಿದ ತುಂಡು ಹೇಗಿತ್ತು ಬರೆ ಎಂದರು. ಕೊಕ್ಕಿನ ಆಕಾರ ಬರೆದೆ. ಅವರು ಗೋಡೆಗೆ ಅಂಟಿಸಿದ್ದ ಇನ್ನೊಂದು ಹಾಳೆ ತೋರಿಸಿದರು. ಹೊಸ ತುಂಡು ಮಾಡಲು ಅವರೇ ಲೆಕ್ಕ ಹಾಕಿ ಬರೆದಿಟ್ಟದ್ದು. ಎರಡೂ ಒಂದೇ.

ನನಗೆ ಅಳು ಬಂತು. ಅವರು ಪಂಪಿನ ಕಡೆಗೇ ನೋಡುತ್ತಿದ್ದರು.

"ನನ್ನ ಹತ್ರ ಎಂತಕ್ಕೆ ಅಳ್ತೆ ತಮಾ? ನನ್ನ ಕಾಲಿಗೆ ಎಂತಾ ಆಗ್ಲಿಲ್ಲ. ಕೇಣಿಗೆ ಹೋಗು."

ಅಂದೇ ಸಂಜೆ ಕೇಣಿಗೆ ಹೋದೆ. ಮಾಮ ಆಸ್ಪತ್ರೆಯಿಂದ ಬಂದು ಜಗುಲಿಯಲ್ಲಿ ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದರು. ಅವರ ಹೆಂಡತಿ ಅಂಗಳದಲ್ಲಿ ಒಣಮೀನು ಆರಿಸಿ ಬುಟ್ಟಿಗೆ ತುಂಬುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಮಾಮ ಕಿವಿಗೊಟ್ಟು ಕೇಳಿದರು. ಆಮೇಲೆ, ಟ್ರಿಗರ್ ಅಷ್ಟು ಹಗುರ ಆದದ್ದು ತನಗೂ ಗೊತ್ತಾಗಿತ್ತು, ಯಾರು ಮಾಡಿದ್ದು ಎಂದು ತಾನೂ ಕೇಳಬೇಕಿತ್ತು ಎಂದರು. ಆ ದೊಡ್ಡತನ ನನ್ನನ್ನು ಇನ್ನೂ ಕುಗ್ಗಿಸಿತು. ಹೆಂಡತಿ ತಲೆ ಎತ್ತಲಿಲ್ಲ. ಮೀನು ಆರಿಸುತ್ತಲೇ ಹೇಳಿದರು: "ಕುಡ್ದು ಬಿದ್ದವನ ಹೆಂಡ್ತಿ ಅಂತ ನಂಗೆ ಮೀನುಪೇಟೆಲಿ ಹೇಳ್ತ್ರು. ನೀವು ಇಲ್ಲಿ ಹೇಳಿದ್ದು ನಂಗೆ ಸಾಕಾಗೂದಿಲ್ಲ. ಅಲ್ಲಿ ಹೇಳಿ."

ವಿಚಾರಣೆ ಸಂಘದ ಮಾಳಿಗೆಯಲ್ಲಿ ನಡೆಯಿತು. ಮೇಜಿನಾಚೆ ಮಂಡಳಿಯ ಮೂವರು, ಪಕ್ಕದಲ್ಲಿ ಕಾರ್ಯದರ್ಶಿಗಳು. ಮಾಮ ಊರುಗೋಲು ಹಿಡಿದು ಬಂದಿದ್ದರು. ಠಾಣೆಯ ಪೊಲೀಸರೊಬ್ಬರು ಪಿಸ್ತೂಲು ತಂದಿದ್ದರು. ಠಾಣೆಗೆ ಕೊಟ್ಟ ಹಾಳೆಯಿಂದಾಗಿ ಬಾಯಿಯನ್ನೂ ಕರೆಸಿದ್ದರು, ಆದರೆ ಬಂದಾಗ ಅವರಿಗೆ ಕುರ್ಚಿ ಹಾಕಿರಲಿಲ್ಲ. ಅವರು ಗೋಡೆಯ ಬದಿಯ ಒಂದು ಕುರ್ಚಿ ಎಳೆದು ತಂದು, ಮೊದಲು ಮಾಮನನ್ನು ಕೂರಿಸಿ, ಇನ್ನೊಂದು ಎಳೆದು ತಂದು ತಾವು ಕೂತರು. ಮಂಡಳಿಯ ಹಿರಿಯರೊಬ್ಬರು ಅವರ ಓದೆಷ್ಟು ಎಂದು ಕೇಳಿದರು. ಏಳನೇ ಇಯತ್ತೆ ಎಂದರು. ಏಳನೇ ಇಯತ್ತೆಯವರ ಮಾತಿನ ಮೇಲೆ ನಾವು ತೀರ್ಮಾನ ಮಾಡಬೇಕೇ ಎಂದು ಆ ಹಿರಿಯರು ಆಚೀಚೆ ನೋಡಿ ನಕ್ಕರು.

"ನನ್ನ ಮಾತು ಬ್ಯಾಡ," ಎಂದರು ಬಾಯಿ. "ನಿಮ್ಮ ಪೆನ್ಸಿಲ್ ಕೊಡಿ."

ಪೊಲೀಸರು ಪಿಸ್ತೂಲು ಖಾಲಿ ಇದೆ ಎಂದು ತೋರಿಸಿದರು. ಬಾಯಿ ತಾವೂ ನೋಡಿ, ಮೂವರಿಗೂ ತೋರಿಸಿದರು. ಪೆನ್ಸಿಲ್ಲನ್ನು ನಳಿಗೆಗೆ ಇಳಿಸಿ, ಮರದ ಸುತ್ತಿಗೆಯನ್ನು ಆ ಹಿರಿಯರ ಕೈಗೇ ಕೊಟ್ಟು, ಕುದುರೆಗೆ ಬಡಿಯಿರಿ ಎಂದರು. ಅವರು ಅಳುಕುತ್ತಲೇ ಬಡಿದರು. ಪೆನ್ಸಿಲ್ ಹಾರಿ ಮಂಡಳಿಯ ಚಹದ ಲೋಟಗಳ ನಡುವೆ ಬಿತ್ತು. ಮಾಳಿಗೆಯಲ್ಲಿ ಯಾರೂ ನಗಲಿಲ್ಲ. ಬಾಯಿ ಇನ್ನೊಮ್ಮೆ ಮಾಡಿ ಎಂದರು. ಇನ್ನೊಮ್ಮೆಯೂ ಹಾರಿತು.

ತಡೆ ಇಲ್ಲದಿರುವುದು ಸರಿ, ಆದರೆ ಅದನ್ನು ಆ ಕಾವಲುಗಾರನೇ ತೆಗೆದಿರಬಹುದಲ್ಲ ಎಂದರು ಕಾರ್ಯದರ್ಶಿಗಳು. ಆಗ ನಾನು ಎದ್ದೆ. ನನ್ನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿರಲಿಲ್ಲ. ಯಾರು ಕಳಿಸಿದರು, ಎಲ್ಲಿಗೆ ಒಯ್ದೆ, ಏನು ಉಳಿಯಿತು, ಯಾಕೆ ಬಾಯಿ ಮುಚ್ಚಿಕೊಂಡಿದ್ದೆ, ಎಲ್ಲ ಹೇಳಿದೆ. ಕುಳಿತುಕೋ ಎಂದು ಕಾರ್ಯದರ್ಶಿಗಳು ಎರಡು ಸಲ ಗದರಿಸಿದರು. ಮೂರನೆಯ ಸಲ ಗದರಿಸುವಾಗ ಬಾಯಿ ಅವರತ್ತ ತಿರುಗಿ, ಅವ ನಿಂತದ್ದು ನಿಮ್ಮ ಕಾಲ ಮೇಲಲ್ಲ, ಅವನ ಕಾಲ ಮೇಲೆ, ಮುಗೀಲಿ ಎಂದರು. ನಾನು ಮುಗಿಸಿದೆ.

ಮಾಮನ ಮೇಲಿನ ಆರೋಪ ಬಿದ್ದುಹೋಯಿತು. ಅವರು ಆಸ್ಪತ್ರೆಯ ಖರ್ಚನ್ನೂ ಪಡೆದು, ಕೋಲು ಹಿಡಿದೇ ಮತ್ತೆ ಅದೇ ಬಾಗಿಲಿಗೆ ಬಂದು ನಿವೃತ್ತಿಯವರೆಗೆ ಕೂತರು, ಪಿಸ್ತೂಲಿಲ್ಲದೆ. ಕಾರ್ಯದರ್ಶಿಗಳು ಆ ಹುದ್ದೆ ಬಿಡಬೇಕಾಯಿತು. ಬಾಳೆಗುಳಿಗೆ ಒಯ್ದದ್ದಕ್ಕೆ ಠಾಣೆಯಲ್ಲಿ ನನ್ನ ಹೇಳಿಕೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ಕಾಯಂ ಆದೇಶ ಮಾತ್ರ ಬರಲೇ ಇಲ್ಲ. ಮುಂದಿನ ವರ್ಷ ಕಾರವಾರದ ಒಂದು ಶಾಲೆಯಲ್ಲಿ ಗುಮಾಸ್ತನಾಗಿ ಸೇರಿಕೊಂಡೆ.

ಪಿಸ್ತೂಲು ಸರಕಾರಕ್ಕೆ ಒಪ್ಪಿಸಿಬಿಡುವುದೆಂದು ಮಂಡಳಿ ತೀರ್ಮಾನಿಸಿತು. ಹೇಗೂ ಒಪ್ಪಿಸುವುದು, ಹಾಗೇ ಕೊಟ್ಟರಾಯಿತು ಎಂದು ಎಲ್ಲರೂ ಹೇಳಿದರೆ ಬಾಯಿ ಕೇಳಲಿಲ್ಲ. ನಾಳೆ ಯಾವನೋ ಪಾಪದವ ಕಪಾಟಿನಿಂದ ತೆಗೆಯುವಾಗ ಬಿದ್ದರೆ ಎಂದು ಹಟ ಹಿಡಿದು, ಠಾಣೆಯ ಅನುಮತಿ ಪಡೆದು ಅಂಗಡಿಗೆ ತರಿಸಿಕೊಂಡರು. ಉಕ್ಕಿನ ಪಟ್ಟಿಯ ತುಂಡೊಂದನ್ನು ಎರಡು ದಿನ ಅರದಲ್ಲಿ ಉಜ್ಜಿದರು. ಉಜ್ಜುವುದು, ಕೂರಿಸಿ ನೋಡುವುದು, ತೆಗೆಯುವುದು, ಮತ್ತೆ ಉಜ್ಜುವುದು. ಎರಡನೆಯ ಸಂಜೆ ನನ್ನನ್ನು ಕರೆಸಿ ಸುತ್ತಿಗೆ ಕೈಗೆ ಕೊಟ್ಟರು. ಬಡಿದೆ. ಪೆನ್ಸಿಲ್ ಮಿಸುಕಲಿಲ್ಲ. ಜೋರಾಗಿ ಬಡಿ ಎಂದರು. ಜೋರಾಗಿಯೇ ಬಡಿದೆ. ಆಗ ಮೊದಲ ಸಲ ಅವರು ನಕ್ಕದ್ದನ್ನು ಕಂಡೆ. ಮುಂದಿನ ಹಲ್ಲೊಂದು ಇರಲಿಲ್ಲ.

ಅವರ ಪರವಾನಗಿಯ ನವೀಕರಣ ಆ ವರ್ಷ ನಿಂತಿತು. ಕಾರಣ ಯಾರೂ ಬರೆದು ತಿಳಿಸಲಿಲ್ಲ. ಅವರು ಬಾಗಿಲಿಗೆ ಹಲಗೆ ತೂಗುಹಾಕಿದರು: 'ಬಂದೂಕು ಕೆಲಸ ಸದ್ಯ ಇಲ್ಲ. ಕಚೇರಿಯವರನ್ನು ಕೇಳಿ.' ಅದನ್ನು ತೆಗೆಯಲು ಹಿತೈಷಿಗಳು ಹೇಳಿದರೆ ಅಕ್ಷರಕ್ಕೆ ಇನ್ನೊಂದು ಸುತ್ತು ಬಣ್ಣ ಹಚ್ಚಿದರು. ಹೊಲಿಗೆ ಮೆಷಿನ್ನು, ಪಂಪು, ದೋಣಿಯ ಎಂಜಿನ್ನಿನ ಬಿಡಿಭಾಗ, ಬಂದದ್ದನ್ನೆಲ್ಲ ಮಾಡಿದರು. ಸೋಮವಾರ ಮಾತ್ರ ಅಂಗಡಿ ಮುಚ್ಚಿ ಡಬ್ಬಿ ಹಿಡಿದು ಕಚೇರಿಯ ಬೆಂಚಿಗೆ. ನನ್ನಿಂದಾಗಿ ಹೀಗಾಯಿತಲ್ಲ ಎಂದು ಒಮ್ಮೆ ಹೇಳಿದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. ನನ್ನ ಕೆಲಸದ ಹೆಮ್ಮೆಯಲ್ಲೂ ನೀನು ಪಾಲು ಕೇಳ್ತೆಯಾ ಎಂದರು. ಹದಿನಾಲ್ಕು ತಿಂಗಳ ಮೇಲೆ ಪರವಾನಗಿ ಬಂತು. ಹಲಗೆ ತೆಗೆದು ಒಲೆಗೆ ಹಾಕಿದರು.

ಆ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಪಕ್ಕದ ಮಂಚದ ಚಕ್ರ ಕಿರುಗುಟ್ಟುತ್ತದೆ, ಎಣ್ಣೆ ತಾ ಎಂದು ನನ್ನನ್ನು ಕಳಿಸಿದರು. ತಂದು ಹಾಕಿದೆ. ಹಾಕಿದ ರೀತಿ ಸರಿಯಿಲ್ಲ ಎಂದು ಬೈದರು. ಅದೇ ನಮ್ಮ ಕೊನೆಯ ಮಾತು.

ಚಿತ್ತಾಕುಲದ ಮನೆಯಿಂದ ಅವರನ್ನು ಒಯ್ಯುವಾಗ ಮಿಲಿಟ್ರಿ ಮಾಮ ಕೇಣಿಯಿಂದ ಬಂದಿದ್ದರು, ಹೆಂಡತಿಯ ಜೊತೆ. ಚಟ್ಟಕ್ಕೆ ಹೆಗಲು ಕೊಡಲು ಮುಂದೆ ಬಂದರು. ನಿಮ್ಮ ಕಾಲಿಗೆ ಆಗುವುದಿಲ್ಲ, ದಾರಿ ಇಳಿಜಾರು, ಬೇಡ ಎಂದು ಬಾಯಿಯ ತಮ್ಮ ಕೈಹಿಡಿದು ಕೇಳಿಕೊಂಡರು. ಮಾಮ ಕೋಲನ್ನು ಹೆಂಡತಿಯ ಕೈಗೆ ಕೊಟ್ಟರು.

"ಹೊತ್ತೇ ಹೊರ್ತೆ," ಎಂದರು.

ಆಚೆ ಬದಿಯ ಹೆಗಲು ನನ್ನದಾಗಿತ್ತು. ಅವರ ಎಡಗಾಲು ಎಳೆಯುತ್ತಿತ್ತು. ನಾನು ನನ್ನ ಹೆಜ್ಜೆಯನ್ನು ಅದಕ್ಕೆ ಹೊಂದಿಸಿದೆ, ಹಿಂದಿನವರು ನಮಗೆ ಹೊಂದಿಸಿಕೊಂಡರು. ನದಿಯವರೆಗೆ ಮೂವರು ಬಂದು ಹೆಗಲು ಬದಲಿಸಲು ಕೇಳಿದರು. ಮಾಮ ಯಾರಿಗೂ ಜಾಗ ಬಿಡಲಿಲ್ಲ. ನಾನೂ ಬಿಡಲಿಲ್ಲ.